ಷಡ್ಡಕನ ಮನೆಯಲ್ಲಿಟ್ಟ ಜೈಸಲ್ಮೇರಿನ ಗಂಟು

ಸಂಜೆಯಾದರೆ ಜೈಸಲ್ಮೇರಿನ ಒಂಟೆಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಮಂಡಿಯೂರುತ್ತವೆ. ದಣಿವಾಗಿ ಕೂರುತ್ತವೆ ಎಂದು ಅಲ್ಲಿಯ ಜನ ತಿಳಿದಿದ್ದಾರೆ. ತಪ್ಪು. ಅದು ಬೆಂಗಳೂರು ಜಯನಗರ ಒಂದನೇ ಬ್ಲಾಕಿನ ಅನಂತಪದ್ಮನಾಭನಿಗೆ, ಅಂದರೆ ನನಗೆ, ಅವು ಸಲ್ಲಿಸುವ ನಮಸ್ಕಾರ. ನಂಬದವರು ಹೋಗಿ ಒಂಟೆಗಳನ್ನೇ ಕೇಳಬಹುದು.

ಇಂಥ ಕೀರ್ತಿ ಪುಣ್ಯದಿಂದ ಬರುವುದಿಲ್ಲ, ಹಗೆಯಿಂದ ಬರುತ್ತದೆ. ನನ್ನ ಹಗೆಯ ಹೆಸರು ಜಯಸಿಂಹ. ನನ್ನ ಷಡ್ಡಕ. ನನ್ನ ಹೆಂಡತಿ ಕಾತ್ಯಾಯಿನಿಯ ಅಕ್ಕ ಚೂಡಾಮಣಿಯ ಗಂಡ. ಐವತ್ತೊಂಬತ್ತರ ಶ್ರಾವಣದಲ್ಲಿ ಅವನು ಎರಡನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಆಗ ಆ ರಸ್ತೆಯಲ್ಲಿ ಇದ್ದದ್ದು ನಾಲ್ಕು ಮನೆ, ನಲವತ್ತು ಖಾಲಿ ಸೈಟು, ನಾಲ್ಕು ಸಾವಿರ ಹಾವು. ಅವನಿಗೆ ಅದೇ ಇಂದ್ರಲೋಕ. ಅದಕ್ಕೂ ಮೊದಲಿನ ಬೇಸಿಗೆಯಲ್ಲಿ ಕಾಶಿ, ದೆಹಲಿ, ಆಗ್ರಾ ಮೂರನ್ನೂ ಮುಗಿಸಿ ಬಂದಿದ್ದ. ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಮೃತಶಿಲೆಯ ಪುಟ್ಟ ತಾಜಮಹಲು. ಪಕ್ಕದಲ್ಲಿ ಫೋಟೋ ಆಲ್ಬಮ್ಮು. ಬಂದವರು ಕಾಲು ತೊಳೆಯುವ ಮೊದಲೇ ಆಲ್ಬಮ್ಮು ನೋಡಬೇಕು.

ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಸಾವಿರಾರು ಜನ ಕೂತಿದ್ದೆವು. ಇರಲಿ, ಅರವತ್ತು ಜನ. ಒಬ್ಬಟ್ಟು ಬಡಿಸುವವನು ನನ್ನ ಎಲೆಯನ್ನು ದಾಟಿ ಮುಂದೆ ಹೋಗುತ್ತಿದ್ದ. ಜಯಸಿಂಹ ಅವನನ್ನು ಕೂಗಿ ನಿಲ್ಲಿಸಿದ.

"ಏಯ್, ನಮ್ಮ ಅನಂತೂಗೆ ಇನ್ನೊಂದು ಹಾಕಪ್ಪ. ಪಾಪ, ಮೈಸೂರು ಬಿಟ್ರೆ ಮುಂದಿನ ಸ್ಟೇಷನ್ ಕಂಡವನಲ್ಲ. ಎಲ್ಲಿಗೂ ಹೋಗದವನು ಊಟಾನಾದ್ರೂ ಮಾಡ್ಲಿ!"

ಪಂಕ್ತಿಯೆಲ್ಲ ನಕ್ಕಿತು. ಆ ನಗುವಿಗೆ ಲಾಲ್‌ಬಾಗಿನ ಬಾವಲಿಗಳು ಹಗಲಿನಲ್ಲೇ ಎದ್ದು ಹಾರಿದವು. ಆದರೆ ನನ್ನ ಎದುರಿಗೆ ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದ ಕಾತ್ಯಾಯಿನಿ ನಗಲಿಲ್ಲ. ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ತುಪ್ಪ ಎಲೆಯಿಂದ ಹರಿದು ನೆಲಕ್ಕೆ ಬಂತು.

ಅವತ್ತೇ ಶಪಥ ಮಾಡಿದೆ. ಇದೇ ಜಯಸಿಂಹನನ್ನು ನನ್ನ ಮನೆಯ ಪಂಕ್ತಿಯಲ್ಲಿ ಕೂರಿಸಿ, ಇದೇ ಮಾತನ್ನು ಬಡ್ಡಿ ಸಮೇತ ಅವನ ಎಲೆಗೆ ಬಡಿಸಬೇಕು. ಅದೂ ಕಾತ್ಯಾಯಿನಿಯ ಕಣ್ಣೆದುರಿಗೆ.

ಅದಕ್ಕೆ ಎಲ್ಲಿಗೆ ಹೋಗಬೇಕು? ಶಾಲೆಯ ಅಟ್ಲಾಸನ್ನು ಬಿಚ್ಚಿಕೊಂಡು ಕೂತೆ. ಕಾಶಿ ಅವನ ಪಾಲು. ಹರಿದ್ವಾರಕ್ಕೆ ಅವನ ಅಣ್ಣ ಹೋಗಿದ್ದ. ಜಯಪುರ ಎಂದರೆ "ಅಲ್ಲೇ ಪಕ್ಕದಲ್ಲಿ ಹಾದುಹೋದ್ವಿ" ಎನ್ನುತ್ತಾನೆ. ನನ್ನ ಬೆರಳು ಪಡುವಣಕ್ಕೆ ಜಾರುತ್ತ ಜಾರುತ್ತ ಹೋಗಿ, ಹಳದಿ ಬಣ್ಣ ಬಳಿದ ಮರುಭೂಮಿಯ ನಡುವೆ ಒಂದು ಚುಕ್ಕಿಯ ಮೇಲೆ ನಿಂತಿತು. ಜೈಸಲ್ಮೇರ್. ಎಂಟುನೂರು ವರ್ಷದ ಕೋಟೆ, ಬಿಸಿಲು ಬಿದ್ದರೆ ಚಿನ್ನದಂತೆ ಹೊಳೆಯುವ ಕಲ್ಲು, ಕೋಟೆಯೊಳಗೆ ಈಗಲೂ ಸಂಸಾರ ಮಾಡುವ ಜನ. ಅಲ್ಲಿಗೆ ರೈಲೂ ಇಲ್ಲ. ಪುಣೆ, ಬೊಂಬಾಯಿ, ಅಹಮದಾಬಾದು, ಜೋಧಪುರ ಹಾಯ್ದು ಪೋಕರಣದಲ್ಲಿ ಇಳಿದು, ಮುಂದೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಒಂಟೆ. ಬಸವನಗುಡಿಯ ಯಾವ ಮಹಾರಾಯನೂ ಅಲ್ಲಿ ಕಾಲಿಟ್ಟಿರಲಿಲ್ಲ.

"ನಾನೂ ಬರ್ತೀನಿ," ಎಂದಳು ಕಾತ್ಯಾಯಿನಿ.

"ಮೊದಲು ನಾನು ಹೋಗಿ ಮರಳು ಕಾಲೂರೋ ಅಷ್ಟು ಗಟ್ಟಿ ಇದೆಯೋ ಇಲ್ವೋ ನೋಡ್ಕೊಂಡು ಬರ್ತೀನಿ ಇರು," ಎಂದೆ.

ಒಂದು ತಿಂಗಳು ಊರಿಗೆಲ್ಲ ನನ್ನದೇ ಸುದ್ದಿ. ಮರುಭೂಮಿಯಲ್ಲಿ ಬಾಯಾರದಿರಲೆಂದು ದಿನಕ್ಕೊಂದು ಲೋಟ ನೀರು ಕಡಿಮೆ ಮಾಡುತ್ತ ಬಂದು ಕೊನೆಗೆ ಸೊನ್ನೆಗೆ ಇಳಿಸಿದೆ. ಕಾತ್ಯಾಯಿನಿ ಹುರಿಹಿಟ್ಟು ಕುಟ್ಟಿದಳು. ಅವಲಕ್ಕಿ, ಚಟ್ನಿಪುಡಿ ಕಟ್ಟಿದಳು. ತನ್ನ ಅಪ್ಪ ಹೊದೆಯುತ್ತಿದ್ದ ಚಿತ್ರದುರ್ಗದ ಕರಿಯ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು, ಅಂಚು ಬಿಟ್ಟಿದ್ದ ಕಡೆ ಕೆಂಪು ದಾರದಲ್ಲಿ ಹೊಲಿದು ಕೊಟ್ಟಳು. ಮರಳುಗಾಡಿನಲ್ಲಿ ರಾತ್ರಿ ಚಳಿ ಕೊರೆಯುತ್ತದಂತೆ.

ದಿನ ಕೇಳಲು ಗಾಂಧಿಬಜಾರಿನ ಸೇತುರಾಮ ಜೋಯಿಸರ ಹತ್ತಿರ ಹೋದೆ. ಅವರು ಪಂಚಾಂಗ ನೋಡಿ ತಲೆಯಾಡಿಸಿದರು.

"ನಿಮ್ಮ ರಜೆ ಶುರುವಾಗೋದು ಶುಕ್ರವಾರ. ಶುಕ್ರವಾರ ಪಡುವಣಕ್ಕೆ ಶೂಲೆ. ಹೊರಡೋ ಹಾಗಿಲ್ಲ."

"ಪರಿಹಾರ ಇಲ್ವೇ?"

"ಇಲ್ದೇ ಏನು? ಪ್ರಸ್ಥಾನ ಇಡಿ. ಹಿಂದಿನ ಗುರುವಾರ ಒಳ್ಳೇ ಗಳಿಗೇಲಿ ನಿಮ್ಮ ಪ್ರಯಾಣದ ಗಂಟನ್ನ ಹೋಗೋ ದಿಕ್ಕಿನಲ್ಲಿರೋ ಯಾರದಾದ್ರೂ ಮನೇಲಿಡಿ. ಗಂಟು ಹೊಸ್ತಿಲು ದಾಟಿತೋ, ನೀವು ಹೊರಟ ಹಾಗೇ ಲೆಕ್ಕ. ಆಮೇಲೆ ಅದನ್ನ ವಾಪಸ್ ಮನೆಗೆ ತರಬಾರದು. ಊರು ಮುಟ್ಟೋವರೆಗೂ ಬಿಚ್ಚಬಾರದು. ಬಿಚ್ಚಿದ್ರೆ ಹೆಂಡತಿ ಮಕ್ಕಳಿಗೆ ಕೇಡು. ಒಂದು ಪಂಚೆ, ಹಿಡಿ ಅಕ್ಕಿ, ಅರಿಸಿನದ ಕೊಂಬು, ಅಷ್ಟು ಸಾಕು."

ನಮ್ಮ ಮನೆಯಿಂದ ಪಡುವಣಕ್ಕೆ ಯಾರ ಮನೆ ಇದೆ ಎಂದು ಯೋಚಿಸಿದೆ. ದಾರಿಯಲ್ಲೇ ಕುಣಿದುಬಿಟ್ಟೆ.

ಜೋಯಿಸರು ಅಷ್ಟು ಸಾಕು ಎಂದರೆ ನನಗೆ ಸಾಕೇ? ಇಡೀ ಪ್ರಯಾಣದ ಸಾಮಾನನ್ನು ಜಮಖಾನದಲ್ಲಿ ಸುತ್ತಿ ಬಿಗಿದೆ. ಗಂಟು ಮೈಸೂರಿನ ನಂದಿಯಷ್ಟಾಯಿತು. ಗುರುವಾರ ಬೆಳಿಗ್ಗೆ ಅದನ್ನು ತಲೆಯ ಮೇಲೆ ಹೊತ್ತು ಜಯಸಿಂಹನ ನಡುಮನೆಗೆ ನುಗ್ಗಿದೆ.

"ಏನೋ ಅನಂತು ಇದು? ಬಾಡಿಗೆ ಮನೆ ಖಾಲಿ ಮಾಡಿಸಿಬಿಟ್ರಾ?"

"ಇಲ್ಲ ಭಾವ. ಪ್ರಸ್ಥಾನ. ಜೈಸಲ್ಮೇರಿಗೆ ಹೊರಟಿದ್ದೀನಿ."

"ಎಲ್ಲಿಗೆ?"

"ನಿಮಗೆ ಗೊತ್ತಿರಲ್ಲ ಬಿಡಿ. ದೆಹಲಿ ನೋಡಿಯೇ ಸುಸ್ತಾಗೋರು ಅಷ್ಟು ದೂರ ಹೋಗಲ್ಲ."

ಅವನು ಬಾಯಿ ತೆರೆಯುವ ಮೊದಲೇ ಚೂಡಾಮಣಿ ಅತ್ತಿಗೆ ಅಡುಗೆಮನೆಯಿಂದ ಓಡಿಬಂದರು. "ರೀ, ಪ್ರಸ್ಥಾನದ ಗಂಟು ಬೇಡ ಅನ್ನಬಾರದು, ನಮ್ಮನೆಗೇ ಒಳ್ಳೇದಲ್ಲ. ಇಡಲಿ. ಕಾಲು ಗೀಲು ತಾಗಿಸೀರಿ!"

ಎಲ್ಲಿಡಬೇಕು? ತಾಜಮಹಲಿನ ಮುಂದೆಯೇ ಇಟ್ಟೆ. ತಾಜಮಹಲು ಮುಳುಗಿಹೋಯಿತು.

ಆಮೇಲಿನ ದಿನಗಳ ಸುಖವನ್ನು ನಾನು ಸ್ವರ್ಗಕ್ಕೂ ಬಿಟ್ಟುಕೊಡುವವನಲ್ಲ. ಜಯಸಿಂಹನ ಮನೆಗೆ ಯಾರೇ ಬರಲಿ, ಮೊದಲು ಕೇಳುವುದು "ಇದೇನು ಗಂಟು?" ಎಂದು. ಅತ್ತಿಗೆ ಜೈಸಲ್ಮೇರಿನ ಕತೆ ಹೇಳಬೇಕು. ಆಲ್ಬಮ್ಮು ಕೇಳುವವರೇ ಇಲ್ಲ. ಶುಕ್ರವಾರ ಬಂತು, ನಾನು ಹೊರಡಲಿಲ್ಲ. ರಜೆ ಮಂಜೂರಾಗಲಿಲ್ಲ ಎಂದೆ. ನಿಜ ಹೇಳಬೇಕೆಂದರೆ ಅರ್ಜಿಯನ್ನೇ ಹಾಕಿರಲಿಲ್ಲ. ಸೇಡು ಅಲ್ಲೇ ಕೂತು ಹಣ್ಣಾಗುತ್ತಿರುವಾಗ ಕೀಳುವ ಅವಸರವೇನು? ದಿನಾ ಸಂಜೆ ವಾಕಿಂಗ್ ನೆಪದಲ್ಲಿ ಹೋಗಿ ವಿಚಾರಿಸುತ್ತಿದ್ದೆ.

"ಗಂಟು ಕ್ಷೇಮವಾ ಅತ್ತಿಗೆ?"

"ಅದಕ್ಕೇನು, ಗುಂಡುಕಲ್ಲಿನ ಹಾಗಿದೆ. ನಿಮ್ಮ ಭಾವನೇ ಸೊರಗಿದ್ದಾರೆ."

"ಯಾವಾಗ ಹೊರಡ್ತೀಯೋ?" ಎಂದು ಜಯಸಿಂಹ ಹಲ್ಲು ಕಡಿಯುತ್ತಿದ್ದ. ಅವನ ಹಲ್ಲು ಕಡಿಯುವ ಸದ್ದಿಗೆ ಸೌತ್‌ಎಂಡ್ ಸರ್ಕಲ್ಲಿನಲ್ಲಿ ಬಸ್ಸುಗಳು ಬ್ರೇಕು ಹಾಕುತ್ತಿದ್ದವು.

"ಶಾಸ್ತ್ರದ ಪ್ರಕಾರ ಹೊರಟಾಗಿದೆ ಭಾವ. ಈಗ ನಿಮ್ಮನೇಲಿ ಕೂತಿರೋನು ಪ್ರಯಾಣಿಕ. ಒಂದು ಲೋಟ ಕಾಫಿ ಕೊಡಿಸಿ."

ಹೀಗೆ ಕಾರ್ತಿಕ ಕಳೆಯಿತು. ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಜಟಕಾ ಬಂದು ನಿಂತಿತು. ಹಿಂದೆಯೇ ನೆಂಟರ ದಂಡು. ಎಲ್ಲರ ಮುಂದೆ ಕೈಯಲ್ಲಿ ಸೇವಂತಿಗೆಯ ಹಾರ ಹಿಡಿದ ಜಯಸಿಂಹ.

"ನಿಮ್ಮ ಆಫೀಸಿನ ಮ್ಯಾನೇಜರ್ ನನ್ನ ಸ್ನೇಹಿತ ಕಣೋ. ಮೂರು ವಾರ ರಜೆ ನಾನೇ ಮಾತಾಡಿ ಕೊಡಿಸಿದ್ದೀನಿ. ಜೋಯಿಸರನ್ನೂ ಕೇಳಿದೆ, ಇವತ್ತು ಪ್ರಶಸ್ತವಂತೆ. ಗಂಟು ನಿನ್ನ ಮನೆಯೊಳಗೆ ಬರಬಾರದಲ್ಲ, ಅದಕ್ಕೇ ಗಾಡೀಲೇ ಇಟ್ಟಿದ್ದೀನಿ. ಬಾ, ಹತ್ತು. ಪುಣೆ ಗಾಡಿ ಸಂಜೆಗಿದೆ."

ನನ್ನ ಕೊರಳಿಗೆ ಹಾರ ಬಿತ್ತು. ಶಂಖ ಊದಿದವರೂ ಇದ್ದರು. ಕಾತ್ಯಾಯಿನಿ ಕುಂಕುಮ ಹಚ್ಚುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಹೋಗಿ ಬನ್ನಿ. ಅವತ್ತಿನ ಆ ಮಾತು ಇನ್ನೂ ನನ್ನ ಗಂಟಲಿಂದ ಇಳಿದಿಲ್ಲ."

ಹೊರಟವರ ಹಿಂದೆ ಯಾರೂ ಬರಬಾರದು ಎಂದು ಗದರಿ ಜಟಕಾ ಹತ್ತಿದೆ.

ಮೂರು ವಾರದ ಮೇಲೆ ಇದ್ದಿಲಿನಂತೆ ಕಪ್ಪಾಗಿ ಮರಳಿದೆ. ಬಂದ ಭಾನುವಾರವೇ ಸಮಾರಾಧನೆ. ಬಾಡಿಗೆ ಮನೆಯ ನಡುಮನೆ, ಜಗಲಿ, ಹಿತ್ತಿಲು ಎಲ್ಲ ಕಡೆ ಎಲೆ. ಜಯಸಿಂಹನನ್ನು ನನ್ನ ಎದುರಿಗೇ ಕೂರಿಸಿದೆ. ಅವನು ತನ್ನ ಪಕ್ಕದಲ್ಲೊಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದ. ನಮಗೆ ಉಡುಗೊರೆ ತಂದಿದ್ದಾನೆ, ಸೋಲೊಪ್ಪಿದ್ದಾನೆ ಎಂದುಕೊಂಡೆ.

ಅವತ್ತು ನನ್ನ ನಾಲಗೆಯ ಮೇಲೆ ಸರಸ್ವತಿ ತಕಧಿಮಿ ಕುಣಿದಳು. ಸಾರಿನ ಹೊತ್ತಿಗೆ ಪೋಕರಣ ದಾಟಿಸಿದೆ. ಪಲ್ಯದ ಹೊತ್ತಿಗೆ ಮರಳಿನ ಬಿರುಗಾಳಿ ಎಬ್ಬಿಸಿದೆ. ಗಾಳಿ ಎಷ್ಟು ಜೋರೆಂದರೆ, ನನ್ನ ಒಂಟೆ ಹಾರಿಹೋಗಿ ನಾನೊಬ್ಬನೇ ಅದರ ಮೇಲೆ ಕೂತಿದ್ದೆ. ಯಾರೂ ತಡೆಯಲಿಲ್ಲ.

"ಚಳಿ ಹೇಗಿತ್ತೋ?" ಎಂದ ಜಯಸಿಂಹ, ಬಹಳ ಮೆತ್ತಗೆ.

"ಚಳಿಯಾ ಭಾವ! ಆಡಿದ ಮಾತು ಗಡ್ಡೆಕಟ್ಟಿ ಕೆಳಗೆ ಬೀಳ್ತಿತ್ತು. ನಮ್ಮ ಮಾವನವರ ಕಂಬಳಿ ಇಲ್ದಿದ್ರೆ ನಾನಿವತ್ತು ನಿಮ್ಮೆದುರಿಗೆ ಕೂತಿರ್ತಿರಲಿಲ್ಲ. ಕೋಟೆ ಬಾಗಿಲಲ್ಲಿ ಒಬ್ಬ ಮುದುಕ ಕಾವಲುಗಾರ ನಡುಗ್ತಾ ನಿಂತಿದ್ದ. ಬರೋ ದಿನ ಅದನ್ನ ಅವನಿಗೇ ಹೊದಿಸಿ ಬಂದೆ."

ಕಾತ್ಯಾಯಿನಿಯ ಕಣ್ಣು ತುಂಬಿತು. "ಹೋಗಲಿ ಬಿಡಿ. ಅಪ್ಪನಿಗೂ ಸಂತೋಷವಾಗ್ತಿತ್ತು."

ಒಬ್ಬಟ್ಟಿನ ತಟ್ಟೆ ಬಂತು. ನಾಲ್ಕು ತಿಂಗಳು ಬಾಯಲ್ಲಿ ಮಸೆದಿಟ್ಟ ಮಾತನ್ನು ಹೊರಗೆಳೆದೆ.

"ಏಯ್, ನಮ್ಮ ಭಾವನಿಗೆ ಇನ್ನೊಂದು ಹಾಕಪ್ಪ. ಪಾಪ, ಆಗ್ರಾ ಬಿಟ್ರೆ ಮುಂದಿನ ಊರು ಕಂಡವರಲ್ಲ. ಊಟಾನಾದ್ರೂ ಮಾಡ್ಲಿ!"

ಪಂಕ್ತಿ ಭೋರೆಂದು ನಕ್ಕಿತು. ಕಾತ್ಯಾಯಿನಿಯೂ ನಕ್ಕಳು. ಆ ಒಂದು ಗಳಿಗೆ ನಾನು ಮೂರು ಲೋಕದ ದೊರೆ.

ಜಯಸಿಂಹನೂ ನಕ್ಕ. ನಗುತ್ತಲೇ ಎಡಗೈಯಿಂದ ಆ ಚೀಲವನ್ನು ಬಿಚ್ಚಿ, ಒಳಗಿದ್ದುದನ್ನು ಎಳೆದು ನನ್ನ ಎಲೆಯ ಮುಂದೆ ಹಾಕಿದ. ಕರಿಯ ಕಂಬಳಿ. ಅಂಚಿನಲ್ಲಿ ಕೆಂಪು ದಾರ.

"ಇದು ನಮ್ಮಪ್ಪನ ಕಂಬಳಿ!" ಎಂದಳು ಕಾತ್ಯಾಯಿನಿ.

"ಹೌದಮ್ಮ. ಹುರಿಹಿಟ್ಟಿನ ಡಬ್ಬಾನೂ ನಮ್ಮನೆ ಅಟ್ಟದ ಮೇಲಿದೆ. ಹಿಟ್ಟು ಚೆನ್ನಾಗಿತ್ತು."

ಆಗ ನಾನು ಒಂದು ಮಾತಾಡಿದೆ. ಸುಮ್ಮನಿದ್ದಿದ್ದರೆ ಇನ್ನೊಂದು ಕಂಬಳಿಯ ಕತೆ ಕಟ್ಟಿ ಪಾರಾಗುತ್ತಿದ್ದೆನೋ ಏನೋ. ಬಾಯಿ ತಾನಾಗಿ ತೆರೆಯಿತು.

"ಹಾಗಾದ್ರೆ ನಾನು ಹೊತ್ಕೊಂಡು ಹೋದ ಗಂಟಲ್ಲಿ ಏನಿತ್ತು?"

ನಗು ಒಮ್ಮೆಲೇ ನಿಂತಿತು. ಅತ್ತಿಗೆ ಗಂಡನ ಕಡೆ ತಿರುಗಿ, "ಅಯ್ಯೋ ಪಾಪಿ, ಪ್ರಸ್ಥಾನದ ಗಂಟು ಬಿಚ್ಚಿದ್ರಾ!" ಎಂದು ಹಣೆ ಚಚ್ಚಿಕೊಂಡರು. ಅವನು ಅವರತ್ತ ನೋಡಲೂ ಇಲ್ಲ.

"ಎರಡು ಇಟ್ಟಿಗೆ, ನಾಲ್ಕು ಹಳೇ ಗೋಣಿಚೀಲ. ನೀನು ನಿಜವಾಗ್ಲೂ ಹೋದ್ರೆ ಮರುಭೂಮೀಲಿ ಬಿಚ್ಚಿಕೊಂಡು ಇಟ್ಟಿಗೆ ಹೊದ್ದು ಮಲಗ್ಲಿ ಅಂತ ಇಟ್ಟೆ. ದಿನಾ ಸಂಜೆ ನನ್ನ ಮನೇಲಿ ಕೂತು ನನ್ನ ಕಾಫಿ ಕುಡಿದು ನನ್ನನ್ನೇ ಹಂಗಿಸಿದ್ದಕ್ಕೆ. ಆದ್ರೆ ನೀನು ಗಂಟನ್ನ ಬಿಚ್ಚೇ ಇಲ್ಲ. ಊರು ಮುಟ್ಟಿದವನು ಬಿಚ್ಚದೇ ಇರ್ತಾನಾ ಅನಂತು?"

ಕಾತ್ಯಾಯಿನಿ ಕಂಬಳಿಯನ್ನು ಮಡಿಸಿ ಎದೆಗೊತ್ತಿಕೊಂಡು, ಅಷ್ಟೂ ಜನರ ನಡುವೆ ನನ್ನ ಮುಂದೆ ಬಂದು ಕೂತಳು.

"ರೀ, ಎಲ್ಲಿದ್ರಿ ಮೂರು ವಾರ?"

"ಇಲ್ಲೇ ವಸಂತಪುರದಲ್ಲಿ," ಎಂದೆ. "ನಮ್ಮ ಬೀದಿಗೆ ಸೊಪ್ಪು ತರ್ತಾನಲ್ಲ ಬೈರಣ್ಣ, ಅವರ ಮನೇಲಿ. ಅವನ ರಾಗಿ ಕಣ ಕಾಯ್ತಾ ಬಿಸಿಲಲ್ಲಿ ಕೂತಿದ್ದೆ. ಗಂಟು ಅಲ್ಲೇ ಇದೆ. ಬಿಚ್ಚೋಣ ಅಂತ ಒಂದೆರಡು ಸಲ ಕೈ ಹಾಕಿದೆ, ಚಳಿ ಇತ್ತು. ಊರು ಮುಟ್ಟದೆ ಬಿಚ್ಚಿದ್ರೆ ನಿನಗೆ ಕೇಡು ಅಂತ ಜೋಯಿಸರು ಹೇಳಿದ್ರಲ್ಲ, ಕೈ ಬರಲಿಲ್ಲ."

"ರೈಲು ತಪ್ಪಿತಾ?"

ಹೌದು ಎಂದುಬಿಡಬಹುದಿತ್ತು. ಹತ್ತು ಕಾರಣ ನಾಲಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಚಂದದವು. ಅವಳು ಕಾಯುತ್ತಿದ್ದಳು.

"ಇಲ್ಲ. ಟಿಕೆಟ್ಟೂ ತಗೊಂಡಿದ್ದೆ. ಗಾಡಿ ಬಂದು ಮುಂದೆ ನಿಂತಿತು. ಜನ ನುಗ್ಗಿದ್ರು. ಯಾರ ಭಾಷೇನೂ ನನಗೆ ಗೊತ್ತಾಗಲಿಲ್ಲ. ಅಷ್ಟು ದೂರ ಹೋಗಿ ದಾರಿ ತಪ್ಪಿದ್ರೆ ಯಾರನ್ನ ಏನಂತ ಕೇಳೋದು ಅನ್ನಿಸ್ತು. ಹೆದರಿಕೆ ಆಯ್ತು ಕಣೇ. ಗಾಡಿ ಹೊರಟು ಹೋಗೋವರೆಗೂ ಗಂಟಿನ ಮೇಲೆ ಕೂತಿದ್ದೆ."