ಸೋತವರಿಗೂ ಅದೇ ಊಟ

“ಏಳನೇ ಕ್ಲಾಸು ದಾಟದ ನಾಯಿ, ಊರಿನ ತಲೆ ಎಣಿಸೋಕೆ ಹೊರಟಿದೀಯಾ? ಎಂಜಲು ಡಬ್ಬಿ ತೊಳೆಯೋ ಕೈ ಕಣೋ ಅದು!”

ಪುರಸಭೆಯ ಅಧ್ಯಕ್ಷರು ಇದನ್ನು ಬಾಗಿಲು ಮುಚ್ಚಿಕೊಂಡು ಹೇಳಲಿಲ್ಲ. ನಲ್ಲಿಗೆ, ಸಹಿಗೆ, ಶಿಫಾರಸಿಗೆ ಅಂತ ಬಂದ ಜನ ಬೆಂಚು ತುಂಬ ಕೂತಿದ್ದರು. ಕುರ್ಚಿಯ ಹಿಂದೆ ಅಧ್ಯಕ್ಷರ ಬಂಟ ನಿಂತಿದ್ದ. ಯಾವ ಭಾಷಣದಲ್ಲೂ ಮೊದಲು ಕೈ ತಟ್ಟುವವನು ಅವನೇ, ಹಾಗಾಗಿ ಊರು ಅವನನ್ನು ಚಪ್ಪಾಳೆ ಅಂತಲೇ ಕರೆಯುತ್ತಿತ್ತು. ಈಗಲೂ ಮೊದಲು ನಕ್ಕವನು ಅವನೇ. ಆಮೇಲೆ ಬೆಂಚು ನಕ್ಕಿತು.

ಊರಿಗೆ ಊಟ ಹಂಚುವ ಡಬ್ಬಿಯವನ ಕಿವಿ ಕಾದ ಬಾಣಲೆಯ ಹಾಗೆ ಸುಡುತ್ತಿತ್ತು, ಅಂಗಾಲು ಮಾತ್ರ ತಣ್ಣಗಾಗಿತ್ತು. “ಅದು ಮೊಟ್ಟೆ ಮಹಿಮೆ ಸರ್,” ಅಂದ. “ಎದುರಾಳಿ ಡಬ್ಬೀಲಿ ಮೊಟ್ಟೆ ಇತ್ತು, ನಿಮ್ದರಲ್ಲಿ ಇರ್ಲಿಲ್ಲ. ಅಷ್ಟೇ.”

“ಅಂದ್ರೆ ನಾನು ಒಂದು ಮೊಟ್ಟೆಗಿಂತ ಕಡೆನಾ?”

ಈ ಸಲ ಯಾರೂ ನಗಲಿಲ್ಲ.

ಡಬ್ಬಿಯವನ ವ್ಯಾಪಾರವೆಲ್ಲ ಫೋನಿನಲ್ಲಿ. ದಿನಾ ಬೆಳಿಗ್ಗೆ ಎರಡು ಊಟದ ಚಿತ್ರ ಹಾಕುತ್ತಿದ್ದ. ಗಿರಾಕಿಗಳು ಹನ್ನೊಂದರೊಳಗೆ ಯಾವುದಾದರೂ ಒಂದನ್ನು ಒತ್ತಬೇಕು. ಎಣಿಕೆ ಕಾಣುತ್ತಿದ್ದದ್ದು ಅವನ ಫೋನಿನಲ್ಲಿ ಮಾತ್ರ, ಹನ್ನೊಂದಕ್ಕೆ ಫಲಿತಾಂಶ ಹಾಕುತ್ತಿದ್ದವನೂ ಅವನೇ. ಹೆಚ್ಚು ಜನ ಒತ್ತಿದ್ದು ಗೆದ್ದಂತೆ, ಬೇಯುವುದು ಅದೊಂದೇ. ಸೋತವರೂ ಗೆದ್ದವರ ಊಟವನ್ನೇ ಉಣ್ಣಬೇಕು. ಗೊಣಗಿಕೊಂಡೇ ಉಣ್ಣುತ್ತಿದ್ದರು, ಮಾರನೇ ದಿನ ಮತ್ತೆ ಒತ್ತುತ್ತಿದ್ದರು. ಈ ಬುದ್ಧಿ ಅವನಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಶಾಲೆ ಬಿಟ್ಟು ಲೋಟ ತೊಳೆಯುತ್ತಿದ್ದಾಗ ಒಂದು ಚುನಾವಣಾ ಸಭೆಗೆ ನೀರು ಹಂಚಲು ಹೋಗಿದ್ದ. “ಜನ ಬಡಿಸಿದ್ದು ಕಹಿಯಾದ್ರೂ ಕಣ್ಣಿಗೊತ್ಕೊಂಡು ಉಣ್ತೀನಿ!” ಎಂದು ವೇದಿಕೆಯ ಮೇಲೆ ಗುಡುಗಿದವರು ಇದೇ ಅಧ್ಯಕ್ಷರು. ಕೈಯಲ್ಲಿದ್ದ ನೀರಿನ ಬಕೆಟ್ಟು ಮರೆತು ಅವನೂ ಅವತ್ತು ಚಪ್ಪಾಳೆ ಹೊಡೆದಿದ್ದ.

ಈಗ ಮತ್ತೆ ಚುನಾವಣೆ. ತಮಾಷೆಗಿರಲಿ ಅಂತ ಡಬ್ಬಿಗಳಿಗೆ ‘ಅಧ್ಯಕ್ಷ’, ‘ಎದುರಾಳಿ’ ಎಂದು ಹೆಸರಿಟ್ಟ. ನಿನ್ನೆ ಎದುರಾಳಿ ಗೆದ್ದಿತ್ತು. ಜನ ಕೈ ತೊಳೆದುಕೊಳ್ಳುವಷ್ಟರಲ್ಲಿ ಆ ಫಲಿತಾಂಶ ಊರಿನ ಫೋನುಗಳಲ್ಲೆಲ್ಲ ಸುತ್ತು ಹೊಡೆದಿತ್ತು.

“ಇವತ್ತೂ ಅದೇ ಹೆಸರು ಇಡು,” ಅಂದರು ಅಧ್ಯಕ್ಷರು. “ಮೊಟ್ಟೆ ನನ್ನ ಡಬ್ಬಿಗೆ ಹಾಕು. ಗೆಲ್ಲಬೇಕು. ಗೆಲ್ಲಲಿಲ್ವಾ, ಗೆಲ್ಸು. ನೀನು ಒಲೆ ಹಚ್ಚೋ ಮಳಿಗೆ ಪುರಸಭೇದು, ನೆನಪಿರಲಿ.”

ಅಡುಗೆಮನೆಗೆ ಡಬ್ಬಿಯವನ ಜೊತೆ ಚಪ್ಪಾಳೆಯೂ ಬಂದ. ಬಾಗಿಲಿಗೆ ಸ್ಟೂಲು ಎಳೆದುಕೊಂಡು ಕೂತ. ತೊಡೆಯ ಮೇಲೆ ಹೊಸ ಬೀಗ. ಅದನ್ನು ತೆಗೆಯುವುದು, ಒತ್ತುವುದು. ಕಟಕ್. ಡಬ್ಬಿ ಸಾಗಿಸುವ ಹುಡುಗರು ಮೆಟ್ಟಿಲ ಮೇಲೆ ಕೂತಿದ್ದರು.

ಅಡುಗೆ ನೋಡಿಕೊಳ್ಳುವ ಅಕ್ಕ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಲೈಟರ್ ಹಿಡಿದು ಕಾಯುತ್ತಿದ್ದಳು. ಪಕ್ಕದ ಒಲೆಯ ಮೇಲೆ ಬರೀ ಸೊಪ್ಪಿನ ಪಾತ್ರೆ, ಎದುರಾಳಿಯದು. “ಮೊಟ್ಟೆ ಬಿಟ್ಟು ಸೊಪ್ಪು ಒತ್ತೋ ಮೂಢರು ಯಾರಿದಾರೆ? ಸುಮ್ನೆ ಹೆದರ್ಬೇಡ,” ಅಂದಳು.

ಅವನೂ ಅದನ್ನೇ ನಂಬಿದ್ದ. ಮೊಟ್ಟೆ ಗೆದ್ದರೆ ಸುಳ್ಳೂ ಹೇಳಬೇಕಿಲ್ಲ, ಮಳಿಗೆಯೂ ಉಳಿಯುತ್ತದೆ. ಮೊದಲರ್ಧ ಗಂಟೆ ಅಧ್ಯಕ್ಷ ಡಬ್ಬಿಯೇ ಮುಂದಿತ್ತು. ಆಮೇಲೆ ಸೊಪ್ಪು ಸಮಕ್ಕೆ ಬಂತು. ಆಮೇಲೆ ದಾಟಿತು. ದಾಟಿ ಓಡಿತು. ಮೊಟ್ಟೆ ಇಲ್ಲದ ದಿನ ತಿಂದದ್ದು ಕಕ್ಕುವಂತೆ ಬೈಯುತ್ತಿದ್ದ ಗ್ಯಾರೇಜಿನ ದೊಡ್ಡಪ್ಪ ಸಹ ಸೊಪ್ಪು ಒತ್ತಿದ್ದ. ಹಾಗಾದರೆ ನಿನ್ನೆಯೂ ಜನ ಒತ್ತಿದ್ದು ಮೊಟ್ಟೆ ನೋಡಿ ಅಲ್ಲ, ಹೆಸರು ನೋಡಿ.

ಕಟಕ್.

“ಹನ್ನೊಂದಾಯ್ತು ಕಣೋ,” ಅಂದ ಚಪ್ಪಾಳೆ.

ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು: “ಒತ್ತೋದು ನಿನ್ನ ಬೆರಳು ತಾನೆ? ಮೊಟ್ಟೆ ಗೆದ್ದಿದೆ ಅಂತ ಹಾಕ್ಬಿಡೋ ಪುಣ್ಯಾತ್ಮ. ಮೊಟ್ಟೆ ಬಂದ್ರೆ ಯಾರು ಜಗಳಕ್ಕೆ ಬರ್ತಾರೆ?”

ಯಾರೂ ಬರುವುದಿಲ್ಲ, ನಿಜ. ತೆಪ್ಪಗೆ ಸುಲಿದು ತಿನ್ನುತ್ತಾರೆ, ನಾನೊಬ್ಬನೇ ಸೊಪ್ಪು ಒತ್ತಿದ್ದೆನೇನೋ ಅಂತ ಒಬ್ಬೊಬ್ಬರೂ ಅಂದುಕೊಂಡು. ಅದೇ ಅವನ ಹೊಟ್ಟೆ ಉರಿಸಿದ್ದು. ಸೊಪ್ಪು ಗೆದ್ದಿದೆ ಅಂತ ಹಾಕಿಬಿಟ್ಟ.

“ಅಕ್ಕಾ, ಮೊಟ್ಟೆ ಇಳ್ಸು.”

“ನಿನ್ನಿಂದ ನಾನೂ ಬೀದಿಗೆ ಬೀಳ್ತೀನಿ ಕಣೋ, ಹಾಳಾದವನೇ!” ಅಂದಳು. ಅಂದು, ಮೊಟ್ಟೆಯ ಪಾತ್ರೆ ದೂಡಿ, ಸೊಪ್ಪಿನ ಒಲೆಗೆ ಲೈಟರ್ ಹಿಡಿದಳು.

ಚಪ್ಪಾಳೆಯ ಫೋನಿಗೂ ಫಲಿತಾಂಶ ಬಂತು. ನೋಡಿ ಎದ್ದು ನಿಂತ. ಅಧ್ಯಕ್ಷರಿಗೆ ಕರೆ ಮಾಡಿದ. ಅವರು ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಅವರು ಎತ್ತುವ ಹೊತ್ತಿಗೆ ಡಬ್ಬಿಗಳು ತುಂಬಿ ಮೆಟ್ಟಿಲಿಗೆ ಬಂದಿದ್ದವು. ಫೋನಿನೊಳಗಿನ ಬೈಗುಳ ಎಲ್ಲರಿಗೂ ಕೇಳಿಸಿತು.

“ಒಲೆ ಆರ್ಸಿ. ಎಲ್ರೂ ಆಚೆ ನಡೀರಿ!” ಚಪ್ಪಾಳೆ ಕೂಗಿದ. ಹುಡುಗರ ಎದುರಿಗೇ ಡಬ್ಬಿಯವನ ಕೊರಳಪಟ್ಟಿ ಹಿಡಿದ. “ಲೇ, ಇಷ್ಟು ಧೈರ್ಯ ನಿಂಗೆ ಯಾರೋ ಹೇಳ್ಕೊಟ್ಟಿದ್ದು? ಬೊಗಳು!”

ಯಾರು? ಜನ ಬಡಿಸಿದ್ದನ್ನು ಉಣ್ಣಬೇಕೆಂದು ವೇದಿಕೆಯ ಮೇಲೆ ಹೇಳಿಕೊಟ್ಟವರು ಫೋನಿನ ಆ ಕಡೆಯೇ ಇದ್ದರು. ಡಬ್ಬಿಯವನು ಕೊರಳು ಬಿಡಿಸಿಕೊಂಡ. ಡಬ್ಬಿಗಳ ಚೀಲವನ್ನು ಹೆಗಲಿಗೇರಿಸಿಕೊಂಡು, ಗ್ಯಾರೇಜಿನ ದಿಕ್ಕಿಗೆ, ಹಿಂದೆ ಬೀಗ ಬಿದ್ದ ಸದ್ದಿಗೂ ತಿರುಗದೆ ನಡೆದ.