ಕೊಯ್ಲಿನ ಊಟದ ಕುಸ್ತಿ

ನಿಯಮ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಪಾಪ, ಲೋರೆನ್‌ಗೆ ಗೊತ್ತಿರಲಿಲ್ಲ’ ಎಂದು ಊರಿನವರು ನನ್ನ ಪರವಾಗಿ ಹೇಳಿಕೊಂಡು ತಿರುಗುವುದು ನನಗೆ ಬೇಕಿಲ್ಲ. ಹತ್ತೊಂಬತ್ತು ವರ್ಷಗಳಿಂದ ಶಾಲಾ ಕುಸ್ತಿಗೆ ರೆಫರಿಯಾಗಿದ್ದೇನೆ. ರಾಜ್ಯದ ಕ್ರೀಡಾ ಸಂಘ ಪ್ರತಿ ಅಕ್ಟೋಬರ್‌ನಲ್ಲಿ ಇಡುವ ಪರೀಕ್ಷೆ ಬರೆಯುತ್ತೇನೆ, ಪಾಸಾಗುತ್ತೇನೆ. ಶಾಲೆಯ ಸೀಸನ್ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ತಂಡದವರು ಹೊರಗಿನ ಯಾವ ಸ್ಪರ್ಧೆಯಲ್ಲೂ ಕುಸ್ತಿ ಆಡಕೂಡದು. ಆಡಿದರೆ ಆ ವರ್ಷ ತಂಡದಿಂದ ಹೊರಗೆ. ಸೀಸನ್ ಇಲ್ಲದಾಗ ಎಲ್ಲಿ ಬೇಕಾದರೂ ಆಡಲಿ, ಶಾಲೆಯ ಉಡುಪು ಮಾತ್ರ ತೊಡಬಾರದು. ಒಟ್ಟು ನಾಲ್ಕು ಸಾಲು. ನಮ್ಮ ಕೊಟ್ಟಿಗೆಯ ಹಂದಿಗೆ ಓದಿ ಹೇಳಿದರೂ ಅರ್ಥವಾಗುತ್ತದೆ.

ಆದರೆ ನಮ್ಮೂರು ಹ್ರಾಡೆಕ್‌ನಲ್ಲಿ ವರ್ಷ ನಡೆಯುವುದು ಮೆಕ್ಕೆಜೋಳ ನೋಡಿಕೊಂಡು, ಕ್ಯಾಲೆಂಡರ್ ನೋಡಿಕೊಂಡಲ್ಲ. ಕೊನೆಯ ಹೊಲದ ಕೊಯ್ಲು ಮುಗಿದ ಶನಿವಾರ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಊರಿಗೆಲ್ಲ ಊಟ. ಹಂದಿಮಾಂಸ, ಕಡುಬು, ಹುಳಿ ಬಂದ ಎಲೆಕೋಸು, ಗಸಗಸೆ ತುಂಬಿದ ಸಿಹಿ ಬನ್ನು ಕೊಲಾಚೆ. ಊಟವಾದ ಮೇಲೆ ಲಾರಿಗಳನ್ನು ಹೊರಗೆ ನಿಲ್ಲಿಸಿ, ಶಾಲೆ ಬಿಸಾಡಿದ ಹಳೆಯ ಮ್ಯಾಟ್ ಹಾಸಿ, ಶಾಲಾ ತಂಡದ ಹಳಬರಿಗೂ ಈಗಿನವರಿಗೂ ಕುಸ್ತಿ. ನನ್ನ ಅಜ್ಜ ಇದರಲ್ಲಿ ಹಲ್ಲು ಕಳೆದುಕೊಂಡಿದ್ದ. ಊಟ ಮುಗಿದ ನಂತರದ ಸೋಮವಾರ ಶಾಲೆಯ ಸೀಸನ್ ಶುರು ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದ್ದ ಲೆಕ್ಕ.

ಕಳೆದ ವರ್ಷ ಅಕ್ಟೋಬರ್ ಪೂರ್ತಿ ಮಳೆ ಹುಯ್ಯಿತು. ಜೋಳ ಒಣಗಲಿಲ್ಲ, ಕೊಯ್ಲಿನ ಯಂತ್ರಗಳು ಮೂರು ವಾರ ಕೆಸರಿನಲ್ಲಿ ನಿಂತವು. ಊಟ ಮುಂದೆ ಹೋಗುತ್ತಾ ಹೋಗುತ್ತಾ ನವೆಂಬರ್ ಮೂರನೇ ಶನಿವಾರಕ್ಕೆ ಬಿತ್ತು. ಶಾಲೆಯ ಅಭ್ಯಾಸ ಅದರ ಹಿಂದಿನ ಸೋಮವಾರವೇ ಶುರುವಾಗಿತ್ತು. ತಂಗಿ ರೋಂಡಾಳ ಮಗಳು ತೆಸ್ಸಾಳನ್ನು ಮೊದಲ ದಿನದ ಅಭ್ಯಾಸಕ್ಕೆ ನನ್ನ ಟ್ರಕ್ಕಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟವನು ನಾನೇ. ಆದರೂ ಶನಿವಾರ ಮ್ಯಾಟ್ ಹಾಸುವಾಗ ಹೊಳೆಯಲಿಲ್ಲ. ನನಗಷ್ಟೇ ಅಲ್ಲ, ಶೆಡ್ಡಿನಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ತೆಸ್ಸಾ ಹನ್ನೆರಡನೇ ತರಗತಿ. ಅವಳಿಗೆ ಬೇಕಾಗಿದ್ದದ್ದು ಒಂದೇ. ಶಾಲೆಯ ಕುಸ್ತಿ ಕೋಣೆಯ ಗೋಡೆಯ ಮೇಲೆ ರಾಜ್ಯಮಟ್ಟದಲ್ಲಿ ಮೊದಲ ಆರರೊಳಗೆ ಬಂದವರ ಹೆಸರು ಬರೆದಿದ್ದಾರೆ. ಮೂವತ್ತೊಂದು ಹೆಸರು, ಎಲ್ಲ ಗಂಡಸರದ್ದು. ಮೂವತ್ತೆರಡನೆಯದು ತನ್ನದಾಗಬೇಕು ಎಂದು ಅವಳು ಒಂಬತ್ತನೇ ತರಗತಿಯಿಂದ ಹೇಳುತ್ತಿದ್ದಳು. ಹಿಂದಿನ ವರ್ಷ ಒಂದೇ ಒಂದು ಕುಸ್ತಿಯಿಂದ ತಪ್ಪಿತು. ಇದು ಕೊನೆಯ ವರ್ಷ.

ಕುಸ್ತಿ ತಂಡದ ಹುಡುಗರೇ ಶಾಲೆಯ ಫುಟ್ಬಾಲ್ ತಂಡದಲ್ಲೂ ಇದ್ದರು, ಆ ಸಂಜೆ ಎಲ್ಲೋ ದೂರದಲ್ಲಿ ಆಡಿ ಸೋಲುತ್ತಿದ್ದರು. ಹಾಗಾಗಿ ಮ್ಯಾಟ್ ಮೇಲೆ ಬರೀ ಹೊಟ್ಟೆ ಬಂದವರು, ಸೊಂಟ ಹಿಡಿದವರು. ಜನಕ್ಕೆ ಬೇಜಾರಾಗಿತ್ತು. ಆಗ ದನದ ಡಾಕ್ಟರ ಬಳಿ ಕೆಲಸ ಮಾಡುವ ಕ್ಯಾರಿ ಜೆಲಿನೆಕ್ ಬೂಟು ಬಿಚ್ಚಿ ಎದ್ದಳು. ಅವಳಿಗೆ ಮೂವತ್ತೊಂದು. ಹುಡುಗಿಯರ ತಂಡವೇ ಇಲ್ಲದ ಕಾಲದಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು.

“ಏನೇ ತೆಸ್ಸಾ, ಬರೀ ಕೊಲಾಚೆ ತಿನ್ನೋಕ್ ಬಂದ್ಯಾ, ಇಲ್ಲಾ ಮ್ಯಾಟ್ ಮೇಲೂ ಬರ್ತೀಯಾ?”

“ಬರ್ತೀನಿ ಅಕ್ಕ. ನಿಮ್ ಮಂಡಿ ತಡ್ಕೊಳ್ಳುತ್ತಾ?”

“ನನ್ ಮಂಡಿ ಸುದ್ದಿ ನಿಂಗ್ಯಾಕೆ. ನಾನ್ ಹುಡುಗರನ್ನ ಚಿತ್ ಮಾಡ್ಕೊಂಡ್ ಬಂದೋಳು. ನಿಮ್ ತರ ನಮ್ಗೆ ಯಾರೂ ತೊಟ್ಲು ಕಟ್ಟಿ ತೂಗ್ಲಿಲ್ಲ.”

ಜನ ನಕ್ಕರು. ನಾನು ಸೀಟಿ ಹಿಡಿದು ನಡುವೆ ನಿಂತೆ. ಆಗ ಅಗ್ನಿಶಾಮಕ ದಳದ ಮುದುಕ ಎಮಿಲ್ ಬಿಯರ್ ಡಬ್ಬಿ ಎತ್ತಿ ಹೇಳಿದ:

“ಲೋರೆನ್, ಪಟ್ಟೆ ಅಂಗಿ ಇಲ್ದೆ ನೀನ್ ಸೀಟಿ ಹಿಡ್ಕೊಂಡ್ರೆ ದಾರಿ ತಪ್ಪಿದ ಪೊಲೀಸ್ನೋನ್ ತರ ಕಾಣ್ತೀಯಪ್ಪಾ.”

ಮತ್ತೆ ನಗು. ನಾನು ಹೊರಗೆ ಹೋಗಿ ಟ್ರಕ್ಕಿನಿಂದ ರೆಫರಿಯ ಪಟ್ಟೆ ಅಂಗಿ ತಂದು ಹಾಕಿಕೊಂಡೆ. ಕತ್ತೆ ಕೆಲಸ. ಆದರೆ ಒಮ್ಮೆ ಆ ಅಂಗಿ ಮೈಮೇಲೆ ಬಂದರೆ ನನಗೆ ಅರೆಬರೆ ಮಾಡಲು ಬರುವುದಿಲ್ಲ.

ಒಳ್ಳೆಯ ಕುಸ್ತಿಯೇ ಆಯಿತು. ಕೊನೆಯ ನಿಮಿಷದಲ್ಲಿ ಇಬ್ಬರಿಗೂ ಎರಡೆರಡು ಅಂಕ. ಕ್ಯಾರಿ ಕೆಳಗೆ, ತೆಸ್ಸಾ ಮೇಲೆ. ಕ್ಯಾರಿ ಏಳಲು ಒದ್ದಾಡಿದಳು, ತೆಸ್ಸಾ ಅವಳ ಸೊಂಟ ಬಳಸಿ ಹಿಡಿದು ಎರಡು ಕೈಗಳನ್ನೂ ಹೆಣೆದಳು. ಮೇಲಿದ್ದವರು ಹಾಗೆ ಕೈ ಹೆಣೆಯುವಂತಿಲ್ಲ. ನಾನು ಸನ್ನೆ ಮಾಡಿ ಕ್ಯಾರಿಗೆ ಒಂದು ಅಂಕ ಕೊಟ್ಟೆ. ಮೂರು, ಎರಡು. ಕ್ಯಾರಿಯ ಕೈ ಎತ್ತಿ ಹಿಡಿದೆ. ಯಾರೋ ಎಲ್ಲವನ್ನೂ ಫೋನಿನಲ್ಲಿ ಹಿಡಿದು ಮನೆಗೆ ಹೋಗುವ ಮೊದಲೇ ಇಂಟರ್ನೆಟ್ಟಿನಲ್ಲಿ ಊರಿನ ಪುಟಕ್ಕೆ ಹಾಕಿದ್ದರು.

ಮಂಗಳವಾರ ಗ್ಯಾರಿ ಪೆಷೆಕ್ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದ. ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಾನೆ, ಆಟೋಟದ ಉಸ್ತುವಾರಿಯೂ ಅವನದೇ. ಮುಖ ಸುಣ್ಣ ಬಳಿದಂತಿತ್ತು.

“ಲೋರೆನ್, ವಿಡಿಯೋ ಸಂಘದೋರಿಗೆ ಹೋಗಿದೆ.”

“ಯಾವ ವಿಡಿಯೋ?”

“ಅಯ್ಯೋ ದೇವ್ರೇ. ಹೋದ್ ವಾರ ಸೋಮವಾರಾನೇ ಅಭ್ಯಾಸ ಶುರುವಾಯ್ತು. ಶನಿವಾರ ಅವ್ಳು ಕುಸ್ತಿ ಆಡಿದ್ಲು.”

ವೆಲ್ಡಿಂಗ್ ಟಾರ್ಚ್ ಆರಿಸಿ ಕೆಳಗಿಟ್ಟೆ. ಆ ನಾಲ್ಕು ಸಾಲು ಅಚ್ಚಾದ ಪುಟದ ಸಮೇತ ಕಣ್ಣ ಮುಂದೆ ಬಂತು. ಕೈಗೆ ಸಿಕ್ಕ ಸುತ್ತಿಗೆಯನ್ನು ಗೋಡೆಗೆ ಎಸೆದೆ.

“ಗೋಡೆಗೆ ಯಾಕ್ ಹೊಡೀತೀಯ? ಎಂಟು ದಿನ ಬಿಟ್ಟು ವಿಚಾರಣೆ ಇದೆ,” ಎಂದ ಗ್ಯಾರಿ. “ಒಂದ್ ದಾರಿ ಇದೆ, ಕೇಳು. ಪಟ್ಟು ಹೇಳ್ಕೊಡೋದು, ಮಕ್ಕಳಿಗೆ ತೋರ್ಸೋದು ಸ್ಪರ್ಧೆ ಅಲ್ಲ ಅಂತ ನಿಯಮದ ಪುಸ್ತಕದಲ್ಲೇ ಇದೆ. ತಮಾಷೆಗೆ ತೋರಿಸ್ತಿದ್ವಿ ಅನ್ನು. ಅಂಗೀನೂ ತಮಾಷೆಗೆ. ಅಷ್ಟು ಹೇಳಿ ಬಾಯ್ ಮುಚ್ಕೋ. ಆಗುತ್ತಾ ನಿನ್ ಕೈಲಿ?”

“ಆಗದೆ ಏನು.”

“ಬಾಯ್ ಮುಚ್ಕೊಳ್ಳೋದು ಆಗುತ್ತಾ ಅಂತ ಕೇಳ್ದೆ.”

ರಾಜಧಾನಿಗೆ ತೊಂಬತ್ತು ಮೈಲಿ. ತೆಸ್ಸಾ ನನ್ನ ಪಕ್ಕ ಕೂತಿದ್ದಳು, ಗ್ಯಾರಿ ಹಿಂದೆ. ದಾರಿಯುದ್ದಕ್ಕೂ ಆ ಎರಡು ಮಾತನ್ನು ಮಗ್ಗಿಯಂತೆ ಹೇಳಿಕೊಂಡೆ.

ಮೇಜಿನ ಆಚೆ ಸಂಘದ ಮೂವರು. ನಡುವೆ ಶ್ರೀಮತಿ ಆಲ್ಡಿಂಗರ್. ಆಕೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಲೋರೆನ್ ಕುಬಿಚೆಕ್ ಅವ್ರೇ, ಅವತ್ತು ಏನ್ ನಡೀತು ನೀವೇ ಹೇಳಿ.”

“ಚಿಕ್ ಮಕ್ಕಳಿಗೆ ಪಟ್ಟು ತೋರಿಸ್ತಿದ್ವಿ, ಮೇಡಂ. ತಮಾಷೆಗೆ.”

“ವಿಡಿಯೋದಲ್ಲಿ ಹಾಕಿರೋ ಈ ರೆಫರಿ ಅಂಗಿ?”

“ಅದೂ ತಮಾಷೆಗೇ.”

ಆಕೆ ತಲೆಯಾಡಿಸಿ ಏನೋ ಬರೆದುಕೊಂಡರು. “ಸರಿ. ಹಳ್ಳಿ ಊಟ, ಜನ ಸೇರಿದಾರೆ. ನಂಗೂ ಅರ್ಥ ಆಗುತ್ತೆ,” ಎಂದು ಕಡತವನ್ನು ಅರ್ಧ ಮುಚ್ಚಿದರು. ತೆಸ್ಸಾ ಮೊದಲ ಸಲ ಉಸಿರು ಬಿಟ್ಟದ್ದು ಕೇಳಿಸಿತು.

ಎಡಕ್ಕೆ ಕೂತಿದ್ದ ಕನ್ನಡಕದವನು ಹಿಂದೆ ತಾನೂ ರೆಫರಿಯಾಗಿದ್ದವನಂತೆ. ಗೋಡೆಯ ಮೇಲಿನ ಪರದೆಯಲ್ಲಿ ವಿಡಿಯೋದ ಕೊನೆಯ ತುಣುಕು ಓಡಿಸಿದ.

“ಇದೊಂದು ಮುಗ್ಸಿಬಿಡೋಣ. ಇಲ್ಲಿ ಕೈ ಹೆಣೆದಿದ್ದಕ್ಕೆ ಅಂತ ಒಂದ್ ಅಂಕ ಕೊಟ್ಟಿದೀರ. ನೋಡಿದ್ರೆ ಕೈ ಹೆಣೆದ ಹಾಗೇನೂ ಕಾಣಲ್ಲ. ಜನ ನಗ್ಲಿ ಅಂತ ಸುಮ್ನೆ ಕೊಟ್ಟಿರ್ತೀರ, ಅಲ್ವಾ?”

ಆ ಮನುಷ್ಯ ಬಾಗಿಲು ತೆರೆದು, ಹಿಡಿದುಕೊಂಡು ನಿಂತಿದ್ದ. ಈಗ ಬರೆಯುವಾಗ ಸ್ಪಷ್ಟವಾಗಿ ಕಾಣುತ್ತದೆ. ಗ್ಯಾರಿ ಮೇಜಿನ ಕೆಳಗೆ ನನ್ನ ಕಾಲು ತುಳಿದ. ‘ಹೌದು’ ಎಂದರೆ ಮುಗಿಯುತ್ತಿತ್ತು. ಎರಡು ಅಕ್ಷರ.

“ಯಾರ್ ಹೇಳಿದ್ದು ಹೆಣೆದಿಲ್ಲ ಅಂತ?” ಎಂದೆ. “ನಿಮ್ ವಿಡಿಯೋ ಆ ಕಡೆಯಿಂದ ಹಿಡಿದಿದ್ದು. ನಾನು ಮೂರಡಿ ದೂರದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ನೋಡ್ತಿದ್ದೆ. ಬೆರಳಿಗೆ ಬೆರಳು ಸಿಗ್ಸಿದ್ಲು. ಹತ್ತೊಂಬತ್ ವರ್ಷದಲ್ಲಿ ಒಂದ್ ಅಂಕಾನೂ ನಾನ್ ಸುಮ್ನೆ ಕೊಟ್ಟೋನಲ್ಲ. ತಂಗಿ ಮಗಳಾದ್ರೂ ಅಷ್ಟೇ.”

ಕನ್ನಡಕದವನು ನನ್ನ ಮುಖ ನೋಡದೆ ಪರದೆ ಆರಿಸಿದ. ಶ್ರೀಮತಿ ಆಲ್ಡಿಂಗರ್ ಕಡತವನ್ನು ಮತ್ತೆ ಬಿಡಿಸಿದರು.

“ಹಾಗಾದ್ರೆ ಅದು ನಿಜವಾದ ಕುಸ್ತೀನೇ ಆಯ್ತಲ್ಲ, ಕುಬಿಚೆಕ್ ಅವ್ರೇ,” ಎಂದರು, ಮೆತ್ತಗೆ.

ಆಮೇಲೆ ನಾನು ಕೂಗಾಡಿದೆ. ಕೂಗಾಡಬಾರದಿತ್ತು. ಅರವತ್ತು ವರ್ಷದ ಪದ್ಧತಿ ಎಂದೆ, ಮಳೆ ಬಂತು ಎಂದೆ, ನಿಮ್ಮ ಕ್ಯಾಲೆಂಡರ್ ನೋಡಿಕೊಂಡು ಜೋಳ ಒಣಗುವುದಿಲ್ಲ ಎಂದೆ.

“ಜೋಳ ತಂಡದಲ್ಲಿಲ್ಲ, ಸ್ವಾಮಿ,” ಎಂದರು ಆಕೆ. “ಆ ಮಗು ಇದ್ದಾಳೆ. ಪುಸ್ತಕದಲ್ಲಿ ಇದಕ್ಕೆ ಒಂದೇ ಶಿಕ್ಷೆ ಇರೋದು. ಚಿಕ್ಕದು ಮಾಡೋ ಅಧಿಕಾರ ನಂಗಿಲ್ಲ. ಇದ್ದಿದ್ರೆ ಮಾಡ್ತಿದ್ದೆ.”

ವರ್ಷ ಪೂರ್ತಿ ಹೊರಗೆ.

ವಾಪಸು ಬರುವಾಗ ಪ್ಲ್ಯಾಟ್ ನದಿಯ ಸೇತುವೆ ದಾಟಿದೆವು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಗ್ಯಾರಿ ಕಾಫಿ ತರುತ್ತೇನೆಂದು ಇಳಿದುಹೋದ. ತೆಸ್ಸಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

“ಮಾವ, ನಾನ್ ಕೈ ಹೆಣೆದಿದ್ದೆ.”

“ಗೊತ್ತು.”

“ಹೆಣೆದಿರ್ಲಿಲ್ಲ ಅಂದಿದ್ರೆ ನಿಂಗೆ ಚೆನ್ನಾಗ್ ಬೈದು ಹಗುರ ಆಗ್ತಿದ್ದೆ. ನೀನ್ ಹೇಳಿದ್ದು ಸರೀನೇ. ಯಾವಾಗ್ಲೂ ಸರೀನೇ. ಆದ್ರೆ ಒಂದೇ ಒಂದ್ ಸಲ, ನನಗೋಸ್ಕರ, ಸುಮ್ನಿರೋಕ್ ಆಗ್ಲಿಲ್ವಲ್ಲ ನಿಂಗೆ.”

ತಪ್ಪು ನನ್ನದಾದಾಗ ನಾನು ಏನಾದರೂ ಮಾಡಲು ಹೊರಡುತ್ತೇನೆ, ಅದು ನನ್ನ ಸ್ವಭಾವ.

“ಕೇಳಿಲ್ಲಿ. ನೀನ್ ಈಗ ತಂಡದಲ್ಲಿಲ್ಲ. ತಂಡದಲ್ಲಿಲ್ದೋರಿಗೆ ಆ ನಿಯಮಾನೇ ಇಲ್ಲ. ಕಾಲೇಜುಗಳಲ್ಲಿ ಯಾರ್ ಬೇಕಾದ್ರೂ ಬರ್ಬೋದಾದ ಕುಸ್ತಿ ಪ್ರತಿ ಶನಿವಾರ ಇರುತ್ತೆ. ನಾನೇ ಕರ್ಕೊಂಡ್ ಹೋಗ್ತೀನಿ. ರೆಫರಿ ಕೆಲ್ಸ ಈ ವರ್ಷ ಬೇಡ ಅಂತೀನಿ.”

“ಅಲ್ಲಿ ಗೆದ್ರೆ ನನ್ ಹೆಸ್ರು ಯಾವ ಗೋಡೆ ಮೇಲೆ ಬರೀತಾರೆ?”

“ಗೋಡೆ ಮನೆ ಹಾಳಾಗ. ಕುಸ್ತಿ ಮುಖ್ಯ.”

“ನಿನ್ ಹೆಸ್ರು ಆ ಗೋಡೆ ಮೇಲಿದೆ, ಮಾವ. ಆರನೇ ಸ್ಥಾನ. ನೀನು ಹಾಗನ್ಬೋದು.”

ಗ್ಯಾರಿ ಮೂರು ಕಾಫಿ ಹಿಡಿದುಕೊಂಡು ಬಂದ. ಅವಳು ಮುಟ್ಟಲಿಲ್ಲ.

ಶಿಕ್ಷೆಯಲ್ಲಿ ಒಂದು ಸಂದಿ ಇತ್ತು. ಅವಳು ಪಂದ್ಯ ಆಡುವಂತಿಲ್ಲ, ಅಭ್ಯಾಸ ಮಾಡಬಹುದು. ನಾನು ಸಂಘಕ್ಕೆ ಫೋನ್ ಮಾಡಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮಾಡಿ ಏನು ಪ್ರಯೋಜನ, ಅವಳು ಆ ಕೋಣೆಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಡಿಸೆಂಬರ್ ಪೂರ್ತಿ ಇಡಲೂ ಇಲ್ಲ. ಶಾಲೆಯಿಂದ ನೇರ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ರೋಂಡಾ ನನ್ನ ಫೋನ್ ಎತ್ತುವುದನ್ನು ಬಿಟ್ಟಿದ್ದಳು.

ತಂಡದಲ್ಲಿ ತೆಸ್ಸಾಳ ತೂಕದ ವರ್ಗಕ್ಕೆ ಬ್ರಿನ್ ಎಂಬ ಒಂಬತ್ತನೇ ತರಗತಿಯ ಹುಡುಗಿಯನ್ನು ಹಾಕಿದರು. ಮೊದಲ ಐದು ಕುಸ್ತಿಗಳಲ್ಲಿ ಬ್ರಿನ್ ಐದು ಸಲ ಚಿತ್ತಾದಳು. ಜನವರಿ ಮೊದಲ ವಾರ, ತೆಸ್ಸಾ ಅಭ್ಯಾಸಕ್ಕೆ ಹೋಗಿದ್ದಾಳೆಂದು ಗ್ಯಾರಿ ತಿಳಿಸಿದ. ಕೆಲಸ ಬಿಟ್ಟು ಹೋದೆ.

ಕುಸ್ತಿ ಕೋಣೆಯ ಬಾಗಿಲಲ್ಲೇ ನಿಂತೆ. ಒಳಗೆ ಬೆವರಿನ ಶಾಖ. ತೆಸ್ಸಾ ಬ್ರಿನ್‌ಳನ್ನು ಎತ್ತಿ ಕೆಡವುತ್ತಿದ್ದಳು. ಬ್ರಿನ್ ಏಳುತ್ತಿದ್ದಳು, ಅವಳು ಮತ್ತೆ ಕೆಡವುತ್ತಿದ್ದಳು. ಪಾಠ ಹೇಳಿಕೊಡುವ ರೀತಿಯಲ್ಲ ಅದು. ನಾನು ಸುತ್ತಿಗೆ ಎಸೆದ ರೀತಿ. ಏಳನೆಯ ಸಲವೋ ಎಂಟನೆಯ ಸಲವೋ ಬ್ರಿನ್ ಮೇಲೆ ಏಳಲಿಲ್ಲ. ಮುಖ ಮುಚ್ಚಿಕೊಂಡು ಅಳತೊಡಗಿದಳು.

“ಸಾಕು ಮಾಡೇ,” ಎಂದು ನಾನು ಒಳಗೆ ಕಾಲಿಟ್ಟೆ.

ತರಬೇತಿ ಕೊಡುವ ಹಾಲ್ವರ್ಸನ್ ಮೇಡಂ ಅಡ್ಡ ಬಂದರು. ಗಟ್ಟಿ ಹೆಂಗಸು, ನನ್ನ ಎದೆಯ ಮೇಲೆ ಅಂಗೈ ಇಟ್ಟು ತಡೆದರು.

“ಲೋರೆನ್, ಇಲ್ಲಿ ನೀನ್ ಸೀಟಿ ಊದೋ ಹಾಗಿಲ್ಲ. ಹೊರಗ್ ನಡಿ.”

“ಆ ಮಗೂನ ಕೊಂದ್ಬಿಡ್ತಾಳೆ ಕಣಮ್ಮ.”

“ಕೊಲ್ಲಲ್ಲ. ನೀನ್ ನಡಿ.”

ನಾನು ಬಾಗಿಲ ಆಚೆಗೆ ಸರಿದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ತೆಸ್ಸಾ ಸೊಂಟದ ಮೇಲೆ ಕೈಯಿಟ್ಟು, ಬಿದ್ದವಳನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಮ್ಯಾಟ್ ಮೇಲೆ ಅವಳ ಪಕ್ಕ ಕೂತಳು.

“ನಾನ್ ನಿನ್ ಕಾಲ್ ಹಿಡಿಯೋಕ್ ಬಂದಾಗ ನೀನ್ ತಲೆ ತಗ್ಗಿಸ್ತೀಯ,” ಎಂದಳು. ದನಿ ಇನ್ನೂ ಒರಟಾಗಿಯೇ ಇತ್ತು. “ಅದಕ್ಕೇ ಎಲ್ರೂ ನಿನ್ನ ಮಡಚಿ ಹಾಕ್ತಾರೆ. ನನ್ ಎದೆ ನೋಡು, ಕಾಲ್ ನೋಡ್ಬೇಡ.”

ಬ್ರಿನ್ ಮೂಗು ಒರೆಸಿಕೊಂಡಳು. “ನೀವೇ ಆಡ್ಬೇಕಾಗಿತ್ತು ಅಕ್ಕ, ನನ್ ಜಾಗದಲ್ಲಿ.”

“ಹೌದು,” ಎಂದಳು ತೆಸ್ಸಾ. “ನಾನೇ ಆಡ್ಬೇಕಾಗಿತ್ತು. ಏಳು.”