ಏಳು ಬಾಟಲಿ ಸಾಸು

ಮೈದುನ ಏಳು ಬಾಟಲಿ ಸಾಸು ತಂದು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಾಗ ಅತ್ತಿಗೆ ತಲೆಯೆತ್ತಿಯೂ ನೋಡಲಿಲ್ಲ. ಬನ್ನು ಸೀಳುತ್ತಿದ್ದ ಅವಳ ಚಾಕು ಮಾತ್ರ ಹಲಗೆಗೆ ಕೊಂಚ ಜೋರಾಗಿ ಬಡಿಯಿತು. ಪ್ರತಿ ಬಾಟಲಿಗೂ ಚೀಟಿ. ಸ್ಟೇಕಿಗೆ ಕರಿಮೆಣಸಿನದು, ಬರ್ಗರಿಗೆ ಸಾಸಿವೆಯದು, ಪಕ್ಕೆಲುಬಿಗೆ ಟೊಮೆಟೊ, ಸಕ್ಕರೆ, ವಿನೆಗರ್ ಹಾಕಿ ಬತ್ತಿಸಿದ್ದು. ಔಷಧಿ ಅಂಗಡಿಯವನೂ ಇಷ್ಟು ಚೀಟಿ ಅಂಟಿಸಲಾರ ಅಂದುಕೊಂಡಳು.

ದನದ ಸಂತೆಯ ಹಿಂದಿದ್ದ ಆ ತಗಡಿನ ಮಾಡಿನ ಅಂಗಡಿ ಮಾವನದು. ನಲವತ್ತು ವರ್ಷ ಕೆಂಡದ ಮುಂದೆ ನಿಂತವರು. ಈಗ ಬಲಗೈ ನಡುಗಿ, ತುಂಡುಗಳು ಸರಳಿನ ಸಂದಿಯಿಂದ ಬೂದಿಗೆ ಜಾರುತ್ತಿದ್ದವು. ಈ ಸಂತೆಯ ದಿನ ಮೊದಲು ನಿನ್ನ ಮೈದುನ ಸುಡಲಿ, ಆಮೇಲೆ ನೀನು. ಗೆದ್ದವರ ಕೈಗೆ ಇಕ್ಕಳ ಕೊಟ್ಟು ನಾನು ಕೂತುಬಿಡುತ್ತೇನೆ ಅಂತ ಸೊಸೆಗೆ ಹೇಳಿದ್ದರು. ಅತ್ತಿಗೆ ಹನ್ನೊಂದು ವರ್ಷ ಅವರ ಮಗ್ಗುಲಲ್ಲಿ ಕೆಂಡ ಕೆದಕಿ ಹೊಗೆಗೆ ಕಣ್ಣು ಕೊಟ್ಟವಳು. ಇಕ್ಕಳ ತಪ್ಪಿತೆಂದರೆ ಅವಳ ಪಾಲಿಗೆ ಹಿತ್ತಲ ತೊಟ್ಟಿಯ ಜಿಡ್ಡು ತಟ್ಟೆಗಳೇ ಗತಿ. ಮೈದುನನೋ, ಪಟ್ಟಣದ ಹೋಟೆಲಿನಲ್ಲಿ ಎರಡು ವರ್ಷ ಸಾಸು ತಿರುವಿ, ಒಂದು ಬಿಳಿ ಟೊಪ್ಪಿಗೆ ಸಂಪಾದಿಸಿಕೊಂಡು ಬಂದವನು. ಆ ಟೊಪ್ಪಿಗೆ ಕಂಡ ದಿನವೇ ಅವಳು ಅವನಿಗೆ ಹೂಕೋಸು ಅಂತ ಹೆಸರಿಟ್ಟಳು. ಸಂತೆಗೆ ಸಂತೆಯೇ ಈಗ ಹಾಗೇ ಕರೆಯುತ್ತಿತ್ತು.

ಆ ಅಂಗಡಿಯಲ್ಲಿ ಮಾಂಸ ಒಣಗಿದ್ದಾಗಲೇ ಕೆಂಡದ ಮೇಲೆ ಹೋಗಬೇಕು, ಮೈಮೇಲೆ ಉಪ್ಪು ಬಿಟ್ಟು ಏನೂ ಇರಬಾರದು. ಮಿಕ್ಕಿದ್ದೆಲ್ಲ ಇಳಿಸಿದ ಮೇಲೆ. ಮೈದುನ ಮಾತ್ರ ಬೆಳಗಿನಿಂದ ಪಕ್ಕೆಲುಬುಗಳನ್ನು ಸಕ್ಕರೆ ಸಾಸಿನಲ್ಲಿ ಮುಳುಗಿಸಿಟ್ಟಿದ್ದ. ಮಾಂಸ ಸಾಸನ್ನು ಕುಡಿಯಬೇಕು ಅತ್ತಿಗೆ, ನಿಮಗೆ ಇದೆಲ್ಲ ಗೊತ್ತಿರೋದಿಲ್ಲ ಅಂತ ಉಪದೇಶ ಬೇರೆ. ಮಾಂಸ ಬೇಯುವ ಮೊದಲು ಸಕ್ಕರೆ ಸೀದುಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವಳು ಈರುಳ್ಳಿ ಹೆಚ್ಚುತ್ತಾ ಕೂತಳು.

ಹಾಗೇ ಆಯಿತು. ಪಕ್ಕೆಲುಬುಗಳು ಚಟಚಟ ಅಂದು, ಹೊಗೆ ಕಾರಿ, ಗಳಿಗೆಯಲ್ಲಿ ಕರ್ರಗಾದವು. ಮೈದುನ ಕೆಂಡ ಸರಿಯಿಲ್ಲ, ಇದ್ದಿಲು ಹಸಿ ಅಂದ. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಅತ್ತಿಗೆ ಈರುಳ್ಳಿಗೆ ಹೇಳಿದಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ಬೆಂಚಿನ ಮೇಲಿದ್ದ ಮೀಸೆ ದಲ್ಲಾಳಿ ತಟ್ಟೆ ಬಗ್ಗಿಸಿ ನೋಡಿದ.

"ಏನಪ್ಪಾ ಹೂಕೋಸು, ಇದು ಇದ್ದಿಲಾದ್ರೆ ಒಲೆಗೆ ಹಾಕು. ಪಕ್ಕೆಲುಬಾದ್ರೆ ಮಣ್ಣು ಮಾಡು."

ಬೆಂಚೆಲ್ಲ ನಕ್ಕಿತು. ಮಾವ ನಗಲಿಲ್ಲ. ಎದ್ದು ಬಂದು, ಒಂದು ಪಕ್ಕೆಲುಬಿನ ಕರಿ ಸಿಪ್ಪೆ ಉಗುರಿನಿಂದ ಕೆರೆದು ಬಿಸಾಕಿದರು. ಆಮೇಲೆ ಬಾಟಲಿಗೆ ಬೆರಳದ್ದಿ ನೆಕ್ಕಿ, ಸೊಸೆಯ ಕಡೆ ತಿರುಗಿದರು.

"ನೀನು ನೋಡ್ಲಿಲ್ವೇನಮ್ಮ?"

"ನೋಡ್ದೆ ಮಾವ."

"ಹೇಳ್ಲಿಲ್ಲ."

"ಟೊಪ್ಪಿಗೆ ಹಾಕ್ಕೊಂಡೋರಿಗೆ ಹೇಳಿಕೊಡೋಷ್ಟು ನಾನು ಓದಿಲ್ಲ."

ಮಾವ ಮೈದುನನ ಕೈಯಿಂದ ಇಕ್ಕಳ ಕಿತ್ತುಕೊಂಡು ಅವಳ ಮುಂದೆ ಹಿಡಿದರು. "ಹಿಡಿ. ಬೆಂಕಿ ನಿಂದೇ. ಆದ್ರೆ ಸಾಸು ಅವನದು. ಇಳಿಸಿದ ಮೇಲೆ ಅವನು ಹೊಯ್ಯಲಿ. ಅದು ಬೇಡ ಅಂದ್ರೆ ಇಕ್ಕಳ ಯಾರಿಗೂ ಇಲ್ಲ, ಮೊಳೆಗೇ ತೂಗುಹಾಕಿಬಿಡ್ತೀನಿ."

ಇಕ್ಕಳ ಹಿಡಿದ ಮೇಲೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಉಳಿದ ಪಕ್ಕೆಲುಬುಗಳನ್ನು ಒರೆಸಿ, ಉಪ್ಪು ಸವರಿ, ಕೆಂಡ ಒಂದು ಬದಿಗೆ ತಳ್ಳಿ ನಿಧಾನಕ್ಕೆ ಸುಟ್ಟಳು. ಇಳಿಸಿದಳು. ಮೈದುನ ಸಾಸು ಹೊಯ್ದ. ಮೀಸೆ ದಲ್ಲಾಳಿ ತಿಂದು, ಮೂಳೆ ಚೀಪಿ, ಮೀಸೆಗೆ ಹತ್ತಿದ್ದನ್ನೂ ಬೆರಳಲ್ಲಿ ಒರೆಸಿ ಚೀಪಿದ; ಇನ್ನೊಂದು ತಟ್ಟೆ ಅಂದ.

ಅತ್ತಿಗೆ ಬೆಂಚಿಗೆ ಬೆನ್ನು ಹಾಕಿ, ತಟ್ಟೆಯಿಂದ ಇಕ್ಕಳದ ತುದಿಗೆ ಹತ್ತಿದ್ದ ಸಾಸಿನ ಹನಿ ನೆಕ್ಕಿದಳು. ಮೊದಲು ಸಿಹಿ, ಆಮೇಲೆ ಹುಳಿ, ಎಲ್ಲ ಮುಗಿಯಿತು ಅನ್ನುವಾಗ ಗಂಟಲಲ್ಲಿ ಮೆಲ್ಲಗೆ ಖಾರ. ಹನ್ನೊಂದು ವರ್ಷ ಅವಳು ಇಳಿಸಿದ ಮಾಂಸಕ್ಕೆ ಬರೀ ವಿನೆಗರ್ ಚಿಮುಕಿಸಿದ್ದಳು.

"ಹೇಗಿದೆ ಅತ್ತಿಗೆ?" ಮೈದುನ ಟೊಪ್ಪಿಗೆ ಕೈಯಲ್ಲಿ ಹಿಡಿದು ಕೇಳಿದ.

"ಉಪ್ಪು ಕಮ್ಮಿ."

ಉಪ್ಪು ಸರಿಯಾಗಿಯೇ ಇತ್ತು. ಅವಳು ಮುಂದಿನ ತುಂಡು ಮಗುಚಿದಳು.

"ತೊಟ್ಟೀಲಿ ತಟ್ಟೆ ಬಿದ್ದಿವೆ. ಟೊಪ್ಪಿಗೆ ನೆನೆಸ್ಕೋಬೇಡ. ಇಕ್ಕಳದ ಮೊಳೆ ಖಾಲಿ ಇದೆ, ಅಲ್ಲಿ ತಗುಲಿಹಾಕಿ ಹೋಗು."